ಸಾವಿರ ವ್ಯಾಟ್ ಮತ್ತು ಆಷಾಢದ ಎದುರುಗಾಳಿ

ಮನೆಯಲ್ಲೇ ಸೈಕಲ್ಲಿಗೆ ಮೋಟಾರ್ ಕೂಡಿಸುವವರ ನಡುವೆ ಸಾವಿರ ವ್ಯಾಟಿನ ಕಿಟ್ಟಿಗೆ ಬಂದಿರುವ ಹೆಸರು ಅದರ ಯೋಗ್ಯತೆಗೆ ಮೀರಿದ್ದು. ಅಳವಂಡಿ ಸುತ್ತಲಿನ ಎರೆನಾಡಿಗಂತೂ ಅದು ತಪ್ಪು ಆಯ್ಕೆ.

ಮೋಟಾರಿನ ಮೇಲೆ ಅಚ್ಚಾದ ಅಂಕಿ, ಅದು ಸುಡದಂತೆ ಎಡೆಬಿಡದೆ ಎಷ್ಟು ದುಡಿಯಬಲ್ಲದು ಎಂಬುದನ್ನಷ್ಟೇ ಹೇಳುತ್ತದೆ. ಬ್ಯಾಟರಿಯಿಂದ ಎಷ್ಟು ಎಳೆಯಬಹುದೆಂಬ ಮಿತಿ ಕಂಟ್ರೋಲರಿನದು: 48 ವೋಲ್ಟಿನಲ್ಲಿ 20 ಆಂಪಿಯರ್ ಬಿಟ್ಟರೆ 960 ವ್ಯಾಟ್, ಮೋಟಾರಿನ ಮೇಲೆ 350 ಎಂದಿದ್ದರೂ.

ದಾರಿಗೆ ನಿಜಕ್ಕೂ ಎಷ್ಟು ಬೇಕೆಂದು ತಿಳಿಯಲು ಕೊಪ್ಪಳದಿಂದ ಅಳವಂಡಿಗೆ ಬರುವ ಮುಂಡರಗಿ ರಸ್ತೆಯನ್ನೇ ನೋಡೋಣ. ಸವಾರ, ಸೈಕಲ್, ಸಂತೆಯ ಚೀಲ ಸೇರಿ 120 ಕಿಲೋ. ಗಾಳಿಯಿಲ್ಲದ ದಿನ ಸಮತಟ್ಟು ಡಾಂಬರಿನಲ್ಲಿ ಗಂಟೆಗೆ 25 ಕಿಲೋಮೀಟರ್ ಹೋಗಲು ಗಾಲಿಗೆ ಸುಮಾರು 200 ವ್ಯಾಟ್ ಬೇಕು. ಆಷಾಢದ ಪಡುವಣ ಗಾಳಿ ಗಂಟೆಗೆ 15 ಕಿಲೋಮೀಟರಿನಂತೆ ಎದುರಾಯಿತೋ, ಅದೇ ವೇಗಕ್ಕೆ 390. ಮೋಟಾರಿನ ನಷ್ಟ ಸೇರಿಸಿದರೆ ಕಿಲೋಮೀಟರಿಗೆ 10 ವ್ಯಾಟ್-ಅವರ್ ಇದ್ದ ಖರ್ಚು 20ರ ಹತ್ತಿರ ಹೋಗುತ್ತದೆ. 36 ವೋಲ್ಟ್, 10 ಆಂಪಿಯರ್-ಅವರಿನ ಬ್ಯಾಟರಿ, ನೂರಕ್ಕೆ 80ರಷ್ಟನ್ನೇ ಬಳಸಿದಾಗ, ಒಂದು ದಿನ 29 ಕಿಲೋಮೀಟರ್ ಓಡಿಸಿದರೆ ಇನ್ನೊಂದು ದಿನ 15ಕ್ಕೇ ಕೈಕೊಡುತ್ತದೆ. ಅದೂ ಮರಳಿ ಬರುವಾಗ: ಚೀಲ ತುಂಬಿರುತ್ತದೆ, ಚಾರ್ಜ್ ಅರ್ಧ ಮುಗಿದಿರುತ್ತದೆ. ಸಾವಿರ ವ್ಯಾಟಿನ ಮೋಟಾರ್ ಇದ್ದವನು ಗಾಳಿಯೊಡನೆ ಹಟಕ್ಕೆ ಬಿದ್ದು ಇನ್ನೂ ಬೇಗ ನಿಲ್ಲುತ್ತಾನೆ. ಅದೇ ಗಾಳಿಯಲ್ಲಿ ವೇಗವನ್ನು 15ಕ್ಕೆ ಇಳಿಸಿದವನಿಗೆ ಗಾಲಿಗೆ 155 ವ್ಯಾಟ್ ಸಾಕು, ಖರ್ಚು ಕಿಲೋಮೀಟರಿಗೆ 13 ವ್ಯಾಟ್-ಅವರ್.

ಇಲ್ಲಿ ನನ್ನ ತಕರಾರು ಏರುದಾರಿಯನ್ನೇ ಮೋಟಾರಿನ ಪರೀಕ್ಷೆಯೆಂದು ಬರೆಯುವ ತಾಂತ್ರಿಕ ಲೇಖಕರ ಜೊತೆ. ಮಡಿಕೇರಿಯ ಘಾಟಿಗೆ ಅವರ ಮಾತು ಒಪ್ಪತಕ್ಕದ್ದೇ. ನಿಧಾನವಾಗಿ ಏರುವಾಗ ಗಾಲಿಯೊಳಗಿನ ಹಬ್ ಮೋಟಾರ್ ಕಾಯುತ್ತದೆ, ದೊಡ್ಡದು ತಾಳಿಕೊಳ್ಳುತ್ತದೆ. ಆದರೆ ಏರು ಮುಗಿದರೆ ಇಳಿಜಾರು ಬರುತ್ತದೆ, ಖರ್ಚು ತುಸು ತಗ್ಗುತ್ತದೆ. ಬಯಲಿನ ಎದುರುಗಾಳಿ ಊರು ಮುಟ್ಟುವ ತನಕ ಬಿಡುವುದಿಲ್ಲ. ಘಾಟಿಯ ಲೆಕ್ಕವನ್ನು ಎರೆಹೊಲಗಳ ನಡುವಿನ ರಸ್ತೆಗೆ ತಂದು ಹೇರಿದ್ದರಿಂದಲೇ ಇಲ್ಲಿನ ಹುಡುಗರು ಮೋಟಾರಿಗೆ ದುಡ್ಡು ಸುರಿದು, ಉಳಿದದ್ದರಲ್ಲಿ ಬ್ಯಾಟರಿ ಕೊಳ್ಳುತ್ತಾರೆ. ಕೇಂದ್ರ ಮೋಟಾರು ವಾಹನ ನಿಯಮಗಳು ವಿನಾಯಿತಿಗೆ ಹಾಕಿರುವ 250 ವ್ಯಾಟ್, ಗಂಟೆಗೆ 25 ಕಿಲೋಮೀಟರಿನ ಮಿತಿಯನ್ನು ಇದೇ ಲೇಖಕರು ಹೀಗಳೆಯುತ್ತಾರೆ. ಈ ಬಯಲಿಗೆ ಆ ಮಿತಿ ಧಾರಾಳ ಸಾಕು.

ಒಂದು ಕಡೆಗೆ 25 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಗಾಳಿಯ ಸಹಾಯ ಲೆಕ್ಕಕ್ಕೆ ಹಿಡಿಯದೆ ಹೋಗಲು 250 ವ್ಯಾಟ್-ಅವರ್, ಎದುರುಗಾಳಿಯಲ್ಲಿ ನಿಧಾನಕ್ಕೆ ಬರಲು 325, ಒಟ್ಟು 575. ಬ್ಯಾಟರಿಯಲ್ಲಿ ನೂರಕ್ಕೆ 80ರಷ್ಟನ್ನೇ ಬಳಸುವುದಾದರೆ 36 ವೋಲ್ಟ್, 20 ಆಂಪಿಯರ್-ಅವರ್ ಬೇಕು. ಮೋಟಾರಿನಲ್ಲಿ ಉಳಿಸಿದ ದುಡ್ಡು ಒಳ್ಳೆಯ ಸೆಲ್‌ಗಳಿಗೂ ಅವನ್ನು ಕಾಪಾಡುವ ನಂಬಿಕೆಯ ಬಿಎಂಎಸ್‌ಗೂ ಹೋಗಲಿ.