ಒಂದು ರಿಸೆಶನ್, ಇಲ್ಲೇ ತಿನ್ನೋಕೆ: ಟೀಕಾಸಹಿತ

ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್ನಿನಲ್ಲಿ, ಬ್ರಾಡ್‌ವೇ ಮತ್ತು 72ನೇ ಬೀದಿ ಸೇರುವ ಮೂಲೆಯಲ್ಲಿ, ಸಬ್‌ವೇ ನಿಲ್ದಾಣದಿಂದ ಮೇಲೆ ಬಂದರೆ ಕಣ್ಣಿಗೆ ಬೀಳುವ ಹಾಗೆ ಒಂದು ಹಾಟ್ ಡಾಗ್ ಅಂಗಡಿಯಿದೆ. ಹೆಸರು ಗ್ರೇಸ್ ಪಪಾಯ. ಶುರುವಾದದ್ದು 1973ರಲ್ಲಿ. ಅಲ್ಲಿ ಗಿರಾಕಿ ಆಡುವ ಮಾತು ಬಹಳ ಚಿಕ್ಕದು. ಹಿಂದೆ ಕ್ಯೂ ನಿಂತಿರುವಾಗ ಉದ್ದ ಮಾತಿಗೆ ಯಾರಿಗೂ ಪುರುಸೊತ್ತಿಲ್ಲ. ಆ ಮಾತನ್ನೇ ಮೂಲವೆಂದು ಇಟ್ಟುಕೊಂಡು ಬರೆದ ಟೀಕೆ ಇದು.

ಒಂದು ರಿಸೆಶನ್ ಸ್ಪೆಷಲ್

ಎರಡು ಹಾಟ್ ಡಾಗ್, ಒಂದು ಲೋಟ ಪಾನೀಯ, ಎಲ್ಲಕ್ಕೂ ಸೇರಿ ಒಂದೇ ರೇಟು. ಅಂಗಡಿ ಕಟ್ಟಿದ ನಿಕೊಲಸ್ ಗ್ರೇ 1980ರ ದಶಕದ ಆರಂಭದಲ್ಲಿ, ಅಮೆರಿಕದ ಆರ್ಥಿಕತೆ ಮುಗ್ಗರಿಸಿದ್ದ ಹೊತ್ತಿನಲ್ಲಿ, ಇದಕ್ಕೆ ಈ ಹೆಸರಿಟ್ಟರು. ಅರ್ಥಶಾಸ್ತ್ರಜ್ಞರ ಲೆಕ್ಕದಲ್ಲಿ ಆ ರಿಸೆಶನ್, ಅಂದರೆ ಹಿಂಜರಿತ, 1981ರ ಜುಲೈನಲ್ಲಿ ಶುರುವಾಗಿ 1982ರ ನವೆಂಬರಿಗೆ ಮುಗಿಯಿತು. ಬೋರ್ಡು ಮಾತ್ರ ಇಳಿಯಲಿಲ್ಲ. ಆಮೇಲೆ 1990ರಲ್ಲಿ ಒಂದು ಹಿಂಜರಿತ ಬಂತು, 2001ರಲ್ಲಿ ಇನ್ನೊಂದು, 2007ರ ಡಿಸೆಂಬರಿನಿಂದ ಹದಿನೆಂಟು ತಿಂಗಳು ಎಳೆದ ಭಾರಿ ಒಂದು, 2020ರಲ್ಲಿ ಕೊರೋನಾ ತಂದ ಎರಡೇ ತಿಂಗಳಿನದೊಂದು. ನಡುನಡುವೆ ಷೇರುಪೇಟೆ ಹಿಗ್ಗಿ ಕುಣಿದ ವರ್ಷಗಳಲ್ಲೂ ಈ ಮೂಲೆಯಲ್ಲಿ ಹಿಂಜರಿತವೇ. ರೇಟು ಹಂತಹಂತವಾಗಿ ಏರಿದೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೂ ಆ ಊರಿನಲ್ಲಿ ಆ ದುಡ್ಡಿಗೆ ಹೊಟ್ಟೆ ತುಂಬುವ ಜಾಗಗಳನ್ನು ಬೆರಳಲ್ಲಿ ಎಣಿಸಬಹುದು.

ಹೆಸರಿನ ಜಾಣತನ ಇರುವುದು ಗಿರಾಕಿಯ ಮಾನ ಕಾಯುವುದರಲ್ಲಿ. ‘ಕಡಿಮೆ ರೇಟಿನದು ಏನಿದೆ’ ಎಂದು ಕೇಳಬೇಕಾದವನ ದನಿ ತಾನಾಗಿ ಇಳಿಯುತ್ತದೆ. ಇಲ್ಲಿ ದನಿ ಇಳಿಸುವ ಪ್ರಸಂಗವೇ ಇಲ್ಲ. ಕೆಟ್ಟಿರುವುದು ದೇಶದ ಕಾಲ, ನನ್ನ ಜೇಬಲ್ಲ ಎಂಬ ಠೀವಿಯಲ್ಲೇ ಆರ್ಡರು ಕೊಡಬಹುದು. ಕೈತುಂಬ ಸಂಬಳದವನೂ ಅದನ್ನೇ ಕೇಳುವುದರಿಂದ ಯಾರ ಜೇಬಿನಲ್ಲಿ ಏನಿದೆಯೆಂದು ಕೌಂಟರಿನವನಿಗೆ ತಿಳಿಯುವುದೂ ಇಲ್ಲ.

ಇಲ್ಲಿ ಅಧ್ಯಾಹಾರ ಮಾಡಿಕೊಳ್ಳಬೇಕಾದದ್ದು ‘ಎರಡು ಫ್ರ್ಯಾಂಕ್’ ಎಂಬುದನ್ನು. ಗಿರಾಕಿ ಹೇಳುವುದಿಲ್ಲ, ಸ್ಪೆಷಲ್ಲಿನೊಳಗೇ ಅಡಗಿದೆ. ಫ್ರ್ಯಾಂಕ್ ಎಂದರೆ ಹಾಟ್ ಡಾಗಿನ ಬನ್ನಿನೊಳಗೆ ಇಡುವ ಸಾಸೇಜ್, ಇಲ್ಲಿ ದನದ ಮಾಂಸದ್ದು. ಅದನ್ನು ತಿನ್ನದವರು ಕೆಳಗೆ ಮೂರನೆಯ ಸಾಲಿಗೆ ಹೋಗಬಹುದು. ನ್ಯೂಯಾರ್ಕಿನ ತಳ್ಳುಗಾಡಿಯವರು ಸಾಸೇಜನ್ನು ಬಿಸಿನೀರಿನಲ್ಲಿ ಮುಳುಗಿಸಿಡುತ್ತಾರೆ. ಇಲ್ಲಿ ಅವು ಅಗಲವಾದ ಕಾವಲಿಯ ಮೇಲೆ ಸಾಲಾಗಿ ಮಲಗಿರುತ್ತವೆ. ಒಳಗಿನವನು ಇಕ್ಕಳದಲ್ಲಿ ಆಗಾಗ ಉರುಳಿಸುತ್ತಾನೆ, ಜಿಡ್ಡು ಸಣ್ಣಗೆ ಚಟಗುಟ್ಟುತ್ತದೆ, ಮೈಯೆಲ್ಲ ಕಂದು ತಿರುಗುತ್ತದೆ. ಹೊರ ಪೊರೆ ಪ್ರಾಣಿಯ ಕರುಳಿನದೇ, ಹಾಗಾಗಿ ಕಾವಿಗೆ ಬಿಗಿದುಕೊಂಡಿರುತ್ತದೆ. ಹಲ್ಲು ಊರಿದರೆ ಮೊದಲು ಟಪ್ಪೆಂದು ಒಡೆದು, ಆಮೇಲೆ ಬಿಸಿ ಉಪ್ಪುರಸ ಬಾಯಿಗೆ ಬರುತ್ತದೆ. ಪೊರೆಯಿಲ್ಲದ ಅಗ್ಗದ ಸಾಸೇಜಿನಲ್ಲಿ ಈ ಟಪ್ಪು ಇಲ್ಲ, ಮೆತ್ತಗೆ ಬನ್ನಿನ ಜೊತೆ ಬನ್ನಾಗಿಬಿಡುತ್ತದೆ. ರೇಟಿನಲ್ಲಿ ಉಳಿಸಲು ಹೊರಟ ಅಂಗಡಿ ಪೊರೆಯಲ್ಲಿ ಉಳಿಸಲಿಲ್ಲ. ಇಷ್ಟು ವರ್ಷ ಬಾಳಿದ್ದಕ್ಕೆ ನನಗೆ ಕಾಣುವ ಮುಖ್ಯ ಕಾರಣ ಅದೇ.

ಸಾಸಿವೆ ಎರಡಕ್ಕೂ, ಒಂದಕ್ಕೆ ಕ್ರೌಟ್, ಒಂದಕ್ಕೆ ಈರುಳ್ಳಿ

ಕ್ರೌಟ್ ಎಂದರೆ ಉಪ್ಪು ಹಾಕಿ ಹುಳಿ ಬರಿಸಿದ ಎಲೆಕೋಸು, ಜರ್ಮನ್ನರು ತಂದದ್ದು. ಈರುಳ್ಳಿ ಹಸಿಯದಲ್ಲ, ಕೆಂಪು ಸಾಸಿನಲ್ಲಿ ಬೇಯಿಸಿದ್ದು, ತುಸು ಸಿಹಿ. ಹಾಟ್ ಡಾಗಿಗೆ ಕೆಚಪ್ ಸಲ್ಲದೆನ್ನುವ ಮಡಿವಂತರಿದ್ದಾರೆ, ಆದರೂ ಕೇಳಿದರೆ ಯಾರೂ ಹೊಡೆಯುವುದಿಲ್ಲ. ಮುಂದಿನ ಸಾಲಿಗೆ ಹೋಗೋಣ.

ಪಪಾಯ

ಹೊಸಬರೆಲ್ಲ ತಡವರಿಸುವುದು ಇಲ್ಲಿ. ಸಾಸೇಜಿಗೂ ಪಪ್ಪಾಯಿಗೂ ಏನು ಸಂಬಂಧ? ಉತ್ತರ ಗ್ರೇ ಅವರಿಗಿಂತ ಹಳೆಯದು. ಗಸ್ ಪೌಲೊಸ್ ಎಂಬ ಗ್ರೀಕ್ ವಲಸಿಗ 1932ರಲ್ಲಿ ಊರಿನ ಪೂರ್ವಭಾಗದಲ್ಲಿ, 86ನೇ ಬೀದಿ ಮತ್ತು ಥರ್ಡ್ ಅವೆನ್ಯೂ ಮೂಲೆಯಲ್ಲಿ, ಉಷ್ಣವಲಯದ ಹಣ್ಣಿನ ರಸ ಮಾರಲು ಕೂತ. ಆ ಪೇಟೆಯ ಹೆಸರು ಯಾರ್ಕ್‌ವಿಲ್, ತುಂಬ ಜರ್ಮನ್ನರು. ಅವರ ನಾಲಿಗೆಗೆ ಒಗ್ಗಿದ ಸಾಸೇಜು ರಸದ ಪಕ್ಕಕ್ಕೆ ಬಂದು ನಿಂತಿತು, ಅಂಗಡಿ ಮುಂದೆ ಪಪಾಯ ಕಿಂಗ್ ಎಂದು ಹೆಸರಾಯಿತು. ಮೊದಲು ಪಪಾಯ ಕಿಂಗಿನಲ್ಲಿ ಪಾಲುದಾರರಾಗಿದ್ದ ಗ್ರೇ ಬೇರೆಯಾಗಿ ಊರಿನ ಪಶ್ಚಿಮಭಾಗದಲ್ಲಿ ತಮ್ಮದೇ ಅಂಗಡಿ ತೆರೆದರು. ಪಪಾಯ ಎಂಬುದನ್ನು ಹೆಸರಿಗೆ ಅಂಟಿಸಿಕೊಂಡ ಅಂಗಡಿಗಳು ಆಮೇಲೆ ಊರಲ್ಲಿ ಇನ್ನಷ್ಟು ಹುಟ್ಟಿದವು.

ಪಪ್ಪಾಯಿ ಮಾಂಸವನ್ನು ಜೀರ್ಣಿಸುತ್ತದೆ ಎನ್ನುವುದು ಈ ಅಂಗಡಿಗಳ ಹಳೆಯ ಸಮರ್ಥನೆ. ಪಪೇನ್ ಎಂಬ ಕಿಣ್ವ ಪ್ರೋಟೀನನ್ನು ಒಡೆಯುವುದು ನಿಜ. ಕಬಾಬಿನ ಮಾಂಸ ಮೆತ್ತಗಾಗಲೆಂದು ಪಪ್ಪಾಯಿ ಅರೆದು ಸವರುವ ನಮ್ಮ ಅಡುಗೆಯವರಿಗೆ ಇದು ಹೊಸ ಸಂಗತಿಯಲ್ಲ. ಆದರೆ ಅವರು ಆರಿಸುವುದು ಕಾಯಿಯನ್ನು, ಏಕೆಂದರೆ ಕಿಣ್ವ ಹೇರಳವಾಗಿರುವುದು ಕಾಯಿಯ ಹಾಲಿನಲ್ಲಿ. ಹಣ್ಣಾದಂತೆ ಅದು ಕಡಿಮೆಯಾಗುತ್ತದೆ. ಲೋಟದಲ್ಲಿ ಸಿಗುವುದು ನೊರೆ ಹೊತ್ತ, ಹಾಲು ಬೆರೆಸಿದಂತೆ ತೋರುವ ತಿಳಿ ಹಳದಿ ಸಿಹಿನೀರು. ಔಷಧಿಯೆಂದು ನಂಬಬೇಡಿ. ಸಾಸೇಜಿನ ಉಪ್ಪು, ಕ್ರೌಟಿನ ಹುಳಿ ಬಾಯಲ್ಲಿರುವಾಗಲೇ ಒಂದು ಗುಟುಕು ಕುಡಿದರೆ ಜೋಡಿಯ ಮರ್ಮ ತಿಳಿಯುತ್ತದೆ. ಪಪ್ಪಾಯಿ ಸೇರದವರಿಗೆ ‘ಕೋಕೊನಟ್ ಶಾಂಪೇನ್’ ಇದೆ. ಹೆಸರು ಕೇಳಿ ಹೆದರಬೇಕಿಲ್ಲ, ಆಸೆಯನ್ನೂ ಪಡಬೇಕಿಲ್ಲ, ಅದರಲ್ಲಿ ಮದ್ಯವಿಲ್ಲ.

ಇಲ್ಲೇ ತಿನ್ನೋಕೆ

‘ಇಲ್ಲೇ’ ಎಂದರೆ ನಿಂತು. ಕುರ್ಚಿಗಳಿಲ್ಲ. ಗಾಜಿನ ಕಿಟಕಿಯ ಉದ್ದಕ್ಕೆ ಮೊಣಕೈ ಎತ್ತರದ ಕಟ್ಟೆಯಿದೆ, ಸೂರಿನಿಂದ ಕೃತಕ ಹಣ್ಣುಗಳು ತೂಗುತ್ತವೆ. ದರ್ಶಿನಿಗಳಲ್ಲಿ ನಿಂತು ತಿಂದವರಿಗೆ ಇದರ ಲೆಕ್ಕ ಬಿಡಿಸಿ ಹೇಳಬೇಕಿಲ್ಲ: ಕುಳಿತವನು ಫೋನು ತೆಗೆಯುತ್ತಾನೆ, ನಿಂತವನು ತಿಂದು ಹೊರಡುತ್ತಾನೆ, ಕುರ್ಚಿ ಹಾಕಿದರೆ ಅದರ ಬಾಡಿಗೆಯನ್ನು ಸಾಸೇಜೇ ತೆರಬೇಕು. ಸಮೀಪದ ಲಿಂಕನ್ ಸೆಂಟರಿನಲ್ಲಿ ಆಪೆರಾ ಮುಗಿಸಿ ಬಂದವರಿಗೂ ಟ್ಯಾಕ್ಸಿ ಓಡಿಸುವವನಿಗೂ ಇರುವುದು ಇದೇ ಕಟ್ಟೆ.

1998ರ ‘ಯೂ ಹ್ಯಾವ್ ಗಾಟ್ ಮೇಲ್’ ಚಿತ್ರದಲ್ಲಿ ಈ ಅಂಗಡಿ ಕಾಣಿಸಿಕೊಳ್ಳುತ್ತದೆ. ದೊಡ್ಡ ಪುಸ್ತಕ ಮಳಿಗೆಯೊಂದು ಬಂದು ಪಕ್ಕದ ಸಣ್ಣ ಅಂಗಡಿಯನ್ನು ಮುಚ್ಚಿಸುವ ಕತೆ ಅದು. ಗ್ರೇಸ್ ಪಪಾಯಗೂ ಅಂಥದೊಂದು ಪೆಟ್ಟು ಬಿದ್ದಿತು, 72ನೇ ಬೀದಿಯಲ್ಲಲ್ಲ, ಗ್ರೀನಿಚ್ ವಿಲೇಜಿನಲ್ಲಿ. ಅಲ್ಲಿ ಸಿಕ್ಸ್ತ್ ಅವೆನ್ಯೂ ಮೇಲಿದ್ದ ಅದರ ಶಾಖೆ 2014ರ ಜನವರಿಯಲ್ಲಿ ಬಾಡಿಗೆಯ ಹೊರೆಗೆ ಬಾಗಿಲು ಹಾಕಿತು. ಮಾಂಸದ ಬೆಲೆಯನ್ನು, ಬನ್ನಿನ ಬೆಲೆಯನ್ನು ಹೇಗೋ ನಿಭಾಯಿಸಬಹುದು. ಕುರ್ಚಿಯನ್ನೇ ತೆಗೆದ ಮೇಲೆ ಬಾಡಿಗೆಗಾಗಿ ತೆಗೆಯಲು ಇನ್ನೇನು ಉಳಿದಿತ್ತು? ಖಾಲಿಯಾದ ಆ ಜಾಗಕ್ಕೆ ಆಮೇಲೆ ಬಂದದ್ದೂ ಹಣ್ಣಿನ ರಸದ ಅಂಗಡಿಯೇ, ಕೋಲ್ಡ್ ಪ್ರೆಸ್ ಮಾದರಿಯ ದುಬಾರಿ ಅಂಗಡಿ.