ಗೇರ್ ಬಾಕ್ಸಿಗೆ ಬೆರಳಿನ ಅಳತೆ

ಚಿಟಗುಪ್ಪದಿಂದ ಹುಮನಾಬಾದಿನ ಕಡೆಗೆ ಹೊರಟ ಹಳೆಯ ಮಾರುತಿ ಓಮ್ನಿ ಮೂರನೇ ಗೇರಿನಲ್ಲಿ ಗುಂಯ್‌ಗುಟ್ಟುತ್ತ ಸಾಗಿ, ನಾಲ್ಕಕ್ಕೆ ಹಾಕಿದೊಡನೆ ಸುಮ್ಮನಾದರೆ, ಬಲ್ಲ ಮಿಸ್ತ್ರಿ ಮೊದಲು ಅನುಮಾನಪಡುವುದು ಗೇರ್ ಎಣ್ಣೆಯ ಮೇಲೆ. ಹಿಂದಿನ ಚಕ್ರಗಳು ಎಳೆಯುವ ಈ ನಾಲ್ಕು ಗೇರಿನ ಗಾಡಿಯಲ್ಲಿ ಟಾಪ್ ಗೇರ್ ನೇರ. ಎಂಜಿನ್ನಿನ ತಿರುಗುವಿಕೆ ಸೀದಾ ಪ್ರೊಪೆಲ್ಲರ್ ಶಾಫ್ಟಿಗೆ ಹೋಗುತ್ತದೆ. ಉಳಿದ ಗೇರುಗಳಲ್ಲಿ ಭಾರವೆಲ್ಲ ಕೆಳಗಿನ ಶಾಫ್ಟಿನ ಮೂಲಕ ಹಾಯಬೇಕು. ಎಣ್ಣೆ ಇಳಿದು ಅಲ್ಲಿಯ ಬೇರಿಂಗ್ ಸವೆದಿದ್ದರೆ ಕೂಗು ಏಳುವುದು ಆಗಲೇ. ಎಲ್ಲ ಗೇರಿನಲ್ಲೂ ಹಿಂಬದಿಯಿಂದಲೇ ಸದ್ದು ಬರುತ್ತಿದ್ದರೆ ಡಿಫರೆನ್ಷಿಯಲ್ ನೋಡಬೇಕು.

1984ರಲ್ಲಿ ‘ಮಾರುತಿ ವ್ಯಾನ್’ ಆಗಿ ಬಂದ ಓಮ್ನಿಯ ತಯಾರಿಕೆ ನಿಂತದ್ದು 2019ರಲ್ಲಿ. ಹೀಗಾಗಿ ಇಂದು ಓಡುತ್ತಿರುವ ಓಮ್ನಿಗಳೆಲ್ಲ ವಯಸ್ಸಾದವೇ. ಬೀದರ್ ಸೀಮೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ರಬ್ಬರಿನ ಆಯಿಲ್ ಸೀಲ್ ವರ್ಷಗಟ್ಟಲೆ ಕಾದು ಗಡುಸಾಗುತ್ತದೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಎಂಜಿನ್ ಎಣ್ಣೆಯಂತೆ ಗೇರ್ ಎಣ್ಣೆ ಉರಿದು ಖರ್ಚಾಗುವುದಿಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ಸೋರಿದ ಜಾಗ ಹುಡುಕದೆ ತುಂಬಿಸಿ ಕಳಿಸುವುದು ಅರ್ಧ ಕೆಲಸ.

ಮೊಬೈಲಿನಲ್ಲಿ ಹುಡುಕಿದರೆ ಸಿಗುವ ಅಮೆರಿಕದ ವಿಡಿಯೊಗಳಲ್ಲಿ ಎಂಜಿನ್ ಚಾಲೂ ಇಟ್ಟು, ಕಡ್ಡಿ ಎಳೆದು, ಕೆಂಪು ದ್ರವ ನೋಡುತ್ತಾರೆ. ಅದು ಆಟೊಮ್ಯಾಟಿಕ್ ಗಾಡಿಯ ರೀತಿ. ಓಮ್ನಿಯ ಗೇರ್ ಬಾಕ್ಸಿಗೆ ಅಂಥ ಕಡ್ಡಿಯೇ ಇಲ್ಲ. ಪಕ್ಕದಲ್ಲಿ ಒಂದು ಪ್ಲಗ್ ಇದೆ, ಅದರ ತೂತಿನ ಕೆಳಅಂಚೇ ಅಳತೆ.

ಗಾಡಿ ಸಮತಟ್ಟು ನೆಲದಲ್ಲಿ ನಿಂತಿರಬೇಕು, ಎಂಜಿನ್ ಬಂದ್ ಆಗಿರಬೇಕು. ಮುಂದೆ ಮಾತ್ರ ಎತ್ತಿದರೆ ಎಣ್ಣೆ ಹಿಂದಕ್ಕೆ ಸರಿದು ಲೆಕ್ಕ ತಪ್ಪುತ್ತದೆ. ಬರೀ ಜಾಕಿನ ಭರವಸೆಯ ಮೇಲೆ ಯಾರೂ ಕೆಳಗೆ ನುಸುಳಬಾರದು. ಗಟ್ಟಿ ಸ್ಟ್ಯಾಂಡ್ ಬೇಕೇ ಬೇಕು. ಪ್ಲಗ್ಗಿನ ಸುತ್ತ ಮೆತ್ತಿದ ಮಣ್ಣು ಒರೆಸಿ ಬಿಚ್ಚಿದ ಮೇಲೆ ಬೆರಳ ತುದಿ ಒಳಗಿಡಬೇಕು. ಅಂಚಿಗೇ ಎಣ್ಣೆ ತಾಗಿದರೆ ಸಾಕಷ್ಟಿದೆ. ಬೆರಳು ಮಡಚಿ ಕೆಳಗೆ ತಡಕಿದರೂ ಒಣಗಿದ್ದರೆ ತಡಮಾಡುವಂತಿಲ್ಲ. ಬೆರಳಿಗೆ ಹತ್ತಿದ್ದನ್ನು ಬೆಳಕಿಗೆ ಹಿಡಿದು ನೋಡುವುದೂ ಮುಖ್ಯ. ಹಾಲಿನಂತೆ ಬೆಳ್ಳಗಿದ್ದರೆ ಮಳೆಗಾಲದ ಹಳ್ಳದ ನೀರು ಒಳಹೊಕ್ಕಿದೆ. ಆಗ ಮೇಲೆ ಸುರಿದು ಪ್ರಯೋಜನವಿಲ್ಲ, ಪೂರ್ತಿ ಇಳಿಸಲೇಬೇಕು. ನುಣ್ಣನೆಯ ಬೂದು ಕೆಸರು ಸಹಜ ಸವೆತ. ಕಣ್ಣಿಗೆ ಕಾಣುವ ಲೋಹದ ಚೂರು ಸಿಕ್ಕರೆ ಗೇರ್ ಬಾಕ್ಸ್ ಬಿಚ್ಚುವ ಕಾಲ ಬಂದಿದೆ.

ಇಳಿಸುವಾಗಲೂ ಮೊದಲು ಬಿಚ್ಚಬೇಕಾದ್ದು ಪಕ್ಕದ ಈ ಅಳತೆಯ ಪ್ಲಗ್. ಎಣ್ಣೆಯೆಲ್ಲ ಹೋದ ಮೇಲೆ ಅದು ಜಗ್ಗದೇ ಕುಳಿತರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ.

ಅಂಗಡಿಯಲ್ಲಿ ‘90 ನಂಬರ್’ ಎಂದರೆ ಡಬ್ಬಿ ಕೈಗೆ ಬರುತ್ತದೆ, ಆದರೆ ಅಷ್ಟು ಸಾಲದು. ಡಬ್ಬಿಯ ಮೇಲೆ ಜಿಎಲ್-4 ಇದೆಯೋ ಜಿಎಲ್-5 ಇದೆಯೋ ಓದಬೇಕು. ಡಿಫರೆನ್ಷಿಯಲ್ಲಿನ ಕ್ರೌನ್-ಪಿನಿಯನ್ನಿನ ಉಜ್ಜಾಟ ತಡೆಯಲು ಜಿಎಲ್-5ರಲ್ಲಿ ಗಂಧಕ, ರಂಜಕಗಳ ಅಂಶ ಹೆಚ್ಚು. ಅಂಥ ಕೆಲವು ಎಣ್ಣೆಗಳು ಗೇರ್ ಬಾಕ್ಸಿನ ಹಿತ್ತಾಳೆ ಉಂಗುರಗಳನ್ನು ಕ್ರಮೇಣ ತಿನ್ನುತ್ತವೆ. ಆ ಉಂಗುರಗಳೇ ಗೇರನ್ನು ಕಿರುಗುಟ್ಟದಂತೆ ಕೂರಿಸುವುದು. ಗೇರ್ ಬಾಕ್ಸಿಗೂ ಡಿಫರೆನ್ಷಿಯಲ್ಲಿಗೂ ಒಂದೇ ಡಬ್ಬಿ ಸುರಿಯುವ ಅಭ್ಯಾಸ ಬಿಡಲೇಬೇಕಾದದ್ದು.

ಈ ಎಣ್ಣೆ ದಪ್ಪ, ತೂತು ಪಕ್ಕದಲ್ಲಿ. ಕೈಪಂಪೋ ಉದ್ದದ ಪೈಪೋ ಇಲ್ಲದೆ ಒಳಗೆ ಹೋಗದು. ತೂತಿನಿಂದ ಹೊರಚೆಲ್ಲುವವರೆಗೆ ತುಂಬಿಸಿ, ಹೆಚ್ಚಾದದ್ದು ತಾನಾಗಿ ಇಳಿದು ನಿಂತ ಮೇಲೆ ಪ್ಲಗ್ ಹಾಕಬೇಕು. ಹೆಚ್ಚಿದ್ದರೆ ಒಳ್ಳೆಯದೆಂದು ಅವಸರದಲ್ಲಿ ಮುಚ್ಚಿದರೆ ಎಣ್ಣೆ ನೊರೆಯೆದ್ದು ಸೀಲನ್ನು ತಳ್ಳುತ್ತದೆ.

ಇನ್ನು ಸೋರಿಕೆ. ಪ್ರೊಪೆಲ್ಲರ್ ಶಾಫ್ಟ್ ಒಳಹೋಗುವ ಬಾಯಲ್ಲಿ ಧೂಳು ಅಂಟಿ ದಪ್ಪ ಕಪ್ಪು ಪದರ ಕಟ್ಟಿದ್ದರೆ ಹಿಂದಿನ ಸೀಲ್ ಹೋಗಿದೆ. ಗೇರ್ ಎಣ್ಣೆಗೆ ಗಂಧಕದ ಕಟುವಾಸನೆ ಇರುವುದರಿಂದ ಎಂಜಿನ್ ಎಣ್ಣೆಯೋ ಇದೋ ಎಂದು ಮೂಗೇ ತಿಳಿಸುತ್ತದೆ. ಮುಂದಿನ ಸೀಲ್ ಸೋರಿದರೆ ಎಣ್ಣೆ ಕ್ಲಚ್ ಪ್ಲೇಟಿಗೆ ಹತ್ತಿ, ಏರಿನಲ್ಲಿ ಎಂಜಿನ್ ಕೂಗಿದರೂ ಗಾಡಿ ಎಳೆಯುವುದಿಲ್ಲ. ಹೊಸ ಸೀಲ್ ತರುವ ಮುನ್ನ ಗೇರ್ ಬಾಕ್ಸಿನ ಮೇಲಿನ ಗಾಳಿರಂಧ್ರವನ್ನು ಒಮ್ಮೆ ನೋಡಬೇಕು. ಅದು ಕೆಸರಿನಿಂದ ಮುಚ್ಚಿದ್ದರೆ, ಬಿಸಿಯಾದ ಗಾಳಿ ಹೊರಹೋಗಲು ದಾರಿಯಿಲ್ಲದೆ ಹೊಸ ಸೀಲಿನಿಂದಲೂ ಎಣ್ಣೆಯನ್ನು ಹೊರದೂಡುತ್ತದೆ.