ಕೋರಸ್ಸಿನವರ ಹೆಸರೇನು?

ರಾಕ್ ಬ್ಯಾಂಡ್‌ಗಳ ಬಗ್ಗೆ ನಾಲ್ಕು ಡಾಕ್ಯುಮೆಂಟರಿ ನೋಡಿದವರಿಗೆ ಐದನೆಯದರ ಕಥೆ ಮೊದಲೇ ಗೊತ್ತಿರುತ್ತದೆ. ಸಣ್ಣ ಊರು, ಹಳೇ ವ್ಯಾನು, ಮೊದಲ ಹಿಟ್ ಹಾಡು, ದುಡ್ಡು, ಜಗಳ, ಸಾವು. ಕೊನೆಯಲ್ಲಿ ಹಾಡುಗಾರನ ಮುಖ ಸ್ಲೋ ಮೋಷನ್ನಿನಲ್ಲಿ ಬರುತ್ತದೆ. ನಾವು ಕಣ್ಣೊರೆಸಿಕೊಂಡು ಅವನ ಪ್ಲೇಲಿಸ್ಟ್ ಹಾಕುತ್ತೇವೆ. ಅದರಲ್ಲಿ ತಪ್ಪೇನಿಲ್ಲ ಬಿಡಿ. ಆದರೆ ಇಂಥ ಚಿತ್ರಗಳನ್ನು ಅಳೆಯೋಕೆ ನಾನೊಂದು ಸರಳ ಪ್ರಶ್ನೆ ಇಟ್ಟುಕೊಂಡಿದ್ದೇನೆ: ಹಾಡುಗಾರನ ಪಕ್ಕದಲ್ಲಿ ನಿಂತವರ ಬಗ್ಗೆ ಈ ಚಿತ್ರ ನನಗೇನಾದರೂ ಹೇಳಿತಾ? ಈ ಪ್ರಶ್ನೆಯನ್ನು ಮೊದಲು ಕ್ವೀನ್ ಬ್ಯಾಂಡಿಗೆ ಹಾಕೋಣ, ಆಮೇಲೆ ಅಂಕೋಲೆಗೆ ತರೋಣ.

ಕ್ವೀನ್ ಅಂದರೆ ಫ್ರೆಡ್ಡಿ ಮರ್ಕ್ಯುರಿ ಅಂತಲೇ ಲೆಕ್ಕ. 1946ರಲ್ಲಿ ಜಾಂಜಿಬಾರಿನ ಪಾರ್ಸಿ ಮನೆಯಲ್ಲಿ ಫಾರೂಕ್ ಬಲ್ಸಾರಾ ಆಗಿ ಹುಟ್ಟಿದವನು, ಮಹಾರಾಷ್ಟ್ರದ ಪಂಚಗಣಿಯ ಬೋರ್ಡಿಂಗ್ ಶಾಲೆಯಲ್ಲಿ ಓದಿದವನು, 1991ರ ನವೆಂಬರ್ 24ರಂದು ತೀರಿಕೊಂಡವನು. ಅವನ ಮೇಲೆ ಬಂದ ಚಿತ್ರಗಳಲ್ಲಿ 2000ದ ‘ದಿ ಅನ್‌ಟೋಲ್ಡ್ ಸ್ಟೋರಿ’ ಬಾಲ್ಯದಿಂದ ಕಥೆ ಹಿಡಿಯುತ್ತದೆ. 2012ರ ‘ದಿ ಗ್ರೇಟ್ ಪ್ರಿಟೆಂಡರ್’ ಬ್ಯಾಂಡಿನ ಹೊರಗೆ ಅವನು ಒಬ್ಬನೇ ಮಾಡಿದ ಕೆಲಸವನ್ನು ಹೇಳುತ್ತದೆ. ಎರಡೂ ಚೆನ್ನಾಗಿವೆ. ಆದರೆ ನನ್ನ ಪ್ರಶ್ನೆಗೆ ಉತ್ತರ ಕೊಡೋದು 2011ರಲ್ಲಿ ಬಿಬಿಸಿಗಾಗಿ ಮಾಡಿದ ಎರಡು ಕಂತಿನ ‘ಡೇಸ್ ಆಫ್ ಅವರ್ ಲೈವ್ಸ್’. ಅದು ನಿಜವಾಗಿಯೂ ನಾಲ್ಕು ಜನರ ಕಥೆ.

ನಾವು ಫ್ರೆಡ್ಡಿಯದು ಅಂದುಕೊಂಡ ಹಾಡುಗಳನ್ನೇ ನೋಡಿ. ‘ವಿ ವಿಲ್ ರಾಕ್ ಯೂ’ ಬರೆದವನು ಗಿಟಾರಿನ ಬ್ರಯಾನ್ ಮೇ. ‘ರೇಡಿಯೋ ಗಾ ಗಾ’ ಡ್ರಮ್ಸಿನ ರೋಜರ್ ಟೇಲರ್‌ನದು. ‘ಅನದರ್ ಒನ್ ಬೈಟ್ಸ್ ದ ಡಸ್ಟ್’ ಬೇಸ್ ಗಿಟಾರಿನ ಜಾನ್ ಡೀಕನ್‌ನದು. ಯಾರ ಹಾಡು ಅಂತ ಇವರೊಳಗೆ ಜಗಳ ಬೇಕಾದಷ್ಟಿತ್ತು. ಕೊನೆಗೆ 1989ರ ‘ದಿ ಮಿರಾಕಲ್’ ಆಲ್ಬಮ್ಮಿನಲ್ಲಿ ಎಲ್ಲ ಹಾಡುಗಳ ಕೆಳಗೂ ‘ಕ್ವೀನ್’ ಅಂತ ಒಂದೇ ಹೆಸರು ಹಾಕಿದರು. ಫ್ರೆಡ್ಡಿಗೆ ಕಾಯಿಲೆ ಇದ್ದ ಹೊತ್ತದು. ನನಗೆ ಆ ಬ್ಯಾಂಡಿನ ಇತಿಹಾಸದಲ್ಲಿ ಲೈವ್ ಏಡ್‌ಗಿಂತ ದೊಡ್ಡ ಘಟನೆ ಇದೇ.

‘ಕ್ಲಾಸಿಕ್ ಆಲ್ಬಮ್ಸ್’ ಸರಣಿಯಲ್ಲಿ ‘ಎ ನೈಟ್ ಅಟ್ ದಿ ಒಪೆರಾ’ ಬಗ್ಗೆ ಒಂದು ಕಂತಿದೆ, ಹುಡುಕಿ ನೋಡಿ. ಬ್ರಯಾನ್ ಮೇ ಮಿಕ್ಸಿಂಗ್ ಡೆಸ್ಕಿನ ಮುಂದೆ ಕೂತು 1975ರ ಟೇಪಿನ ಪದರಗಳನ್ನು ಒಂದೊಂದಾಗಿ ತೆರೆದು ಕೇಳಿಸುತ್ತಾನೆ. ‘ಬೊಹೀಮಿಯನ್ ರಾಪ್ಸಡಿ’ಯ ನಡುವೆ ಬರುವ ಆ ಒಪೆರಾ ಗದ್ದಲ ಇದೆಯಲ್ಲ, ಅದನ್ನು ಫ್ರೆಡ್ಡಿ, ಮೇ, ಟೇಲರ್ ಮೂರೇ ಜನ ಮತ್ತೆ ಮತ್ತೆ ಹಾಡಿ, ಒಂದರ ಮೇಲೊಂದು ಕೂರಿಸಿ ಕಟ್ಟಿದ್ದು. ಕಿವಿ ಚುಚ್ಚುವಷ್ಟು ಮೇಲಿನ ಸ್ವರ ಫ್ರೆಡ್ಡಿಯದಲ್ಲ, ಟೇಲರ್‌ನದು. ಇದನ್ನು ಒಮ್ಮೆ ಕೇಳಿದ ಮೇಲೆ ಆ ಹಾಡು ಮೊದಲಿನ ಹಾಗೆ ಕೇಳಿಸುವುದಿಲ್ಲ. ಸತ್ತವನ ಬಗ್ಗೆ ಒಂದೂ ಕಣ್ಣೀರಿನ ಮಾತಿಲ್ಲದೆ ಅವನು ಮಾಡಿದ್ದೇನು ಅಂತ ಅರ್ಥವಾಗಿರುತ್ತದೆ.

ಉಳಿದವರೇ ಕಥೆ ಹೇಳುವಾಗ ಒಂದು ಅಪಾಯವೂ ಇದೆ. 2018ರ ಕಥಾಚಿತ್ರ ‘ಬೊಹೀಮಿಯನ್ ರಾಪ್ಸಡಿ’ಯ ಕೆಲಸದಲ್ಲಿ ಮೇ, ಟೇಲರ್ ಇಬ್ಬರೂ ಇದ್ದರು. ಅದರಲ್ಲಿ ಬ್ಯಾಂಡು ಒಡೆದು, ಲೈವ್ ಏಡ್‌ಗಾಗಿ ಮತ್ತೆ ಒಂದಾಗುತ್ತದೆ. ನಿಜದಲ್ಲಿ 1985ರ ಮೇ ತಿಂಗಳಲ್ಲಿ ಅವರು ಜಪಾನಿನಲ್ಲಿ ಒಟ್ಟಿಗೇ ಕಾರ್ಯಕ್ರಮ ಕೊಡುತ್ತಿದ್ದರು, ಲೈವ್ ಏಡ್ ಆಗಿದ್ದು ಜುಲೈ 13ಕ್ಕೆ. ಇನ್ನು ಡೀಕನ್ 1997ರ ನಂತರ ವೇದಿಕೆಯಿಂದ ದೂರವೇ ಉಳಿದ, ಹೀಗಾಗಿ ಈ ಕಥೆಗಳಲ್ಲಿ ಅವನ ಪಾಲು ಬೇರೆಯವರ ಬಾಯಿಂದಲೇ ಬರಬೇಕು. ಆದರೂ ನಾಲ್ವರ ಹೆಸರು ದಾಖಲೆಯಲ್ಲಿದೆ. ತಪ್ಪಾಗಿ ಹೇಳಿದರೆ ತಿದ್ದೋಕೆ ಸಾಧ್ಯ ಇದೆ.

ಈಗ ಅಂಕೋಲೆ. ಬೆಂಗಳೂರಿನಿಂದ ಕಾರವಾರದ ರೈಲು ಹತ್ತುವ ನಮ್ಮಲ್ಲಿ ಹೆಚ್ಚಿನವರು ಬೀಚಿಗೆ ಹೋಗುವವರು. ಆದರೂ ಬಡಗೇರಿಯ ಸುಕ್ರಿ ಬೊಮ್ಮಗೌಡರ ಮುಖ ಎಲ್ಲರಿಗೂ ಗೊತ್ತು: ಕುತ್ತಿಗೆ ತುಂಬ ಮಣಿಸರ, ಹಾಲಕ್ಕಿ ಹೆಂಗಸರು ಉಡುವ ರೀತಿಯ ಸೀರೆ, ಬೊಚ್ಚುಬಾಯಿ ನಗು. 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿ 13ರಂದು ತೀರಿಕೊಂಡರು. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಅದೇ ತಾಲೂಕಿನ, ಅದೇ ಸಮುದಾಯದ ತುಳಸಿ ಗೌಡರು ಹೋಗಿದ್ದರು. ಆ ವಾರ ಎಲ್ಲರ ಸ್ಟೇಟಸ್ಸಿನಲ್ಲೂ ಸುಕ್ರಜ್ಜಿಯ ವಿಡಿಯೋ ಇತ್ತು.

ಅಜ್ಜಿಯನ್ನು ರಾಕ್‌ಸ್ಟಾರ್ ಅನ್ನೋಕೆ ನಾನು ಹೊರಟಿಲ್ಲ, ಅವರಿಗೆ ಆ ಬಿರುದು ಬೇಕಾಗಿಯೂ ಇಲ್ಲ. ಆದರೆ ಅವರ ಮೇಲಿನ ವಿಡಿಯೋಗಳು ರಾಕ್ ಡಾಕ್ಯುಮೆಂಟರಿಯ ಅಚ್ಚಿನಲ್ಲೇ ಬರುತ್ತವೆ. ಬಡತನ, ಗಂಡನ ಸಾವು, ಮಗನ ಸಾವು, ಊರಿನಲ್ಲಿ ಸಾರಾಯಿ ವಿರುದ್ಧ ಹೋರಾಟ, ದಿಲ್ಲಿಯ ಪ್ರಶಸ್ತಿ. ಡ್ರೋನ್ ಗದ್ದೆಯ ಮೇಲೆ ಹಾರುತ್ತದೆ. ಅಜ್ಜಿ ಹಾಡು ಎತ್ತಿಕೊಳ್ಳುತ್ತಾರೆ, ಎರಡು ಸಾಲು ಮುಗಿಯುವಷ್ಟರಲ್ಲಿ ನಿರೂಪಕನ ದನಿ ಒಳಗೆ ಬರುತ್ತದೆ. ಅದರ ಹಿಂದೆ ಯಾರದೋ ಕೊಳಲು ಬೇರೆ. ಸಾವಿರಾರು ಹಾಡು ನೆನಪಿಟ್ಟವರು ಅಂತ ಹೊಗಳುವ ಹತ್ತು ನಿಮಿಷದ ಚಿತ್ರದಲ್ಲಿ ಒಂದು ಹಾಡೂ ಪೂರ್ತಿ ಇರುವುದಿಲ್ಲ. ಇದೆಂಥ ಲೆಕ್ಕ ಮಾರಾಯ್ರೆ?

ಇನ್ನು ನನ್ನ ಪ್ರಶ್ನೆ. ಹೆಂಗಸರ ಈ ಹಾಡಿಕೆ ಒಬ್ಬರ ಕೆಲಸವೇ ಅಲ್ಲ. ಮದುವೆಯಲ್ಲಿರಲಿ, ನಾಟಿಯ ಗದ್ದೆಯಲ್ಲಿರಲಿ, ಒಬ್ಬರು ಎತ್ತಿಕೊಟ್ಟರೆ ಉಳಿದವರು ಹಿಡಿಯಬೇಕು. ಹಿಡಿಯುವವರಿಗೆ ಮುಂದಿನ ಸಾಲು ಗೊತ್ತಿರಬೇಕು, ಎಳೆತ ಗೊತ್ತಿರಬೇಕು, ಎತ್ತಿದವರಿಗೆ ಉಸಿರು ಬೇಕಾದಾಗ ಹಾಡನ್ನು ಕೆಳಗೆ ಬಿಡದೆ ನಡೆಸೋದು ಗೊತ್ತಿರಬೇಕು. ವಿಡಿಯೋಗಳನ್ನು ಇನ್ನೊಮ್ಮೆ ನೋಡಿ. ಅಜ್ಜಿಯ ಅಕ್ಕಪಕ್ಕ ಮೂರು ನಾಲ್ಕು ಹೆಂಗಸರು ಕೂತಿದ್ದಾರೆ. ಸಾಲು ಹಿಡಿಯುತ್ತಿರುವುದು ಅವರೇ. ಸ್ಕ್ರೀನಿನಲ್ಲಿ ಅವರ ಹೆಸರಿಲ್ಲ. ‘ಮತ್ತು ಸಂಗಡಿಗರು’ ಅಂತ ಬಂದರೆ ಪುಣ್ಯ. ಹಾಡಿನ ಕೆಳಗೆ ‘ಸಾಹಿತ್ಯ: ಜನಪದ’ ಅಂತ ಹಾಕಿ ಕೈತೊಳೆದುಕೊಳ್ಳುವುದು ನಮಗೆ ಕ್ಯಾಸೆಟ್ ಕಾಲದಿಂದಲೂ ರೂಢಿ. ಯಾರು ಕಟ್ಟಿದರೋ ತಿಳಿಯದು, ಸರಿ. ಯಾರು ಹಾಡಿದರು ಅನ್ನೋದು ಕ್ಯಾಮೆರಾ ಹಿಡಿದವನಿಗೆ ತಿಳಿಯದ್ದೇನಲ್ಲ, ಕೇಳಿದ್ದರೆ ಹೇಳುತ್ತಿದ್ದರು.

ಇದು ಬರೀ ಮರ್ಯಾದೆಯ ಪ್ರಶ್ನೆ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಅಜ್ಜಿಯನ್ನು ಒಂಟಿ ಕೋಗಿಲೆ ಮಾಡಿಬಿಟ್ಟರೆ ಅಜ್ಜಿ ಹೋದ ದಿನ ಎಲ್ಲ ಹಾಡೂ ಹೋಯಿತು ಅಂತ ಆಗುತ್ತದೆ. ಆ ವಾರದ ಶ್ರದ್ಧಾಂಜಲಿಗಳ ಧಾಟಿಯೂ ಅದೇ ಆಗಿತ್ತು: ಒಂದು ಯುಗ ಮುಗಿಯಿತು, ಕೊಂಡಿ ಕಳಚಿತು. ಕೇಳೋಕೆ ಚಂದ. ಆದರೆ ಸಾಲು ಹಿಡಿಯುತ್ತಿದ್ದವರು? ಅವರ ನೆನಪಿನಲ್ಲೂ ಹಾಡಿವೆ. ಅವರ ಹೆಸರೇ ಬರೆದುಕೊಂಡಿಲ್ಲ ಅಂದಮೇಲೆ ನಾಳೆ ಯಾವ ಮನೆಯ ಬಾಗಿಲು ತಟ್ಟೋದು? ಬ್ಯಾಂಡನ್ನು ಕತ್ತರಿಸಿ ಹಾಡುಗಾರ್ತಿಯನ್ನು ಮಾತ್ರ ತೋರಿಸಿದ ಚಿತ್ರ ಕೊನೆಗೆ ಹಾಡನ್ನೂ ಉಳಿಸುವುದಿಲ್ಲ.

ಕೆಲಸ ಮಾಡಿದವರೇ ಇಲ್ಲ ಅಂತಲ್ಲ. ಉತ್ತರ ಕನ್ನಡದಲ್ಲಿ ಎಲ್.ಆರ್. ಹೆಗಡೆ, ಎನ್.ಆರ್. ನಾಯಕರಂಥವರು ಊರೂರು ತಿರುಗಿ ಹಾಡುಗಳನ್ನು ಬರೆದುಕೊಂಡು ಪುಸ್ತಕ ಮಾಡಿದರು. ಕಾರವಾರ ಆಕಾಶವಾಣಿ ಜಾನಪದ ಅಕಾಡೆಮಿಯ ಜೊತೆ ಸೇರಿ ಸುಕ್ರಜ್ಜಿಯ ಹಾಡುಗಳನ್ನು ಧ್ವನಿಮುದ್ರಿಸಿತು. ಡ್ರೋನ್ ಇಲ್ಲದ ಕಾಲದ ಈ ಕೆಲಸಕ್ಕೆ ಒಂದು ಸಂಯಮ ಇದೆ: ಹಾಡು ಮುಗಿಯುವ ತನಕ ಸುಮ್ಮನೆ ಕೂರುವುದು. ಒಳ್ಳೆಯ ಡಾಕ್ಯುಮೆಂಟರಿ ಬೇಕಾದರೆ ಶುರು ಮಾಡಬೇಕಾದ್ದು ಅಲ್ಲಿಂದ.

ಮಾದರಿ ಹೊರಗಿನಿಂದಲೂ ತರಬಹುದು. ಆಸಿಫ್ ಕಪಾಡಿಯಾ 2015ರಲ್ಲಿ ಏಮಿ ವೈನ್‌ಹೌಸ್ ಬಗ್ಗೆ ಮಾಡಿದ ‘ಏಮಿ’ಯಲ್ಲಿ ಅವಳು ಹಾಡುವಾಗ ಹಾಡಿನ ಮಾತುಗಳು ಪರದೆ ಮೇಲೆ ಮೂಡುತ್ತವೆ. ನಾವು ಸಾವಿರ ಸಲ ಕೇಳಿದ ಹಾಡಿನಲ್ಲಿ ಅವಳು ಏನು ಹೇಳುತ್ತಿದ್ದಳು ಅಂತ ಮೊದಲ ಸಲ ಓದುತ್ತೇವೆ. ಹಾಲಕ್ಕಿ ಕನ್ನಡ ಬೆಂಗಳೂರಿನ ಕಿವಿಗೆ ಅರ್ಧ ಮಾತ್ರ ಸಿಗುತ್ತದೆ. ಕೆಳಗೆ ಅಕ್ಷರ ಹಾಕಿದರೆ ಮಣಿಸರ ನೋಡುತ್ತಿದ್ದವರು ಮಾತು ಕೇಳೋಕೆ ಶುರು ಮಾಡುತ್ತಾರೆ. ಇದಕ್ಕೆ ದೊಡ್ಡ ಬಜೆಟ್ ಬೇಡ.

ನಮ್ಮಲ್ಲಿ ಹೆಚ್ಚಿನವರ ಹತ್ತಿರ ಒಳ್ಳೇ ಫೋನಿದೆ. ವರ್ಷಕ್ಕೊಮ್ಮೆಯಾದರೂ ಆ ಕಡೆ ಹೋಗುತ್ತೇವೆ. ಯಾರಾದರೂ ಒಪ್ಪಿ ಹಾಡಿದರೆ ಪೂರ್ತಿ ಹಾಡು ಹಿಡಿಯಿರಿ, ಬೇಸರ ಬಂದರೂ ನಿಲ್ಲಿಸಬೇಡಿ. ಎತ್ತಿದವರು ಯಾರು, ಹಿಡಿದವರು ಯಾರು, ಯಾವ ಸಂದರ್ಭದ ಹಾಡು, ಇಷ್ಟನ್ನು ಅವರನ್ನೇ ಕೇಳಿ ಬರೆದುಕೊಳ್ಳಿ. ಎಲ್ಲಾದರೂ ಹಾಕುವ ಮೊದಲು ಒಪ್ಪಿಗೆ ಕೇಳಿ, ಒಂದು ಪ್ರತಿ ಅವರ ಮನೆಯ ಮಕ್ಕಳ ಫೋನಿಗೂ ಕಳಿಸಿ. ಮತ್ತೆ, ದಯವಿಟ್ಟು, ಕೊಳಲು ಸೇರಿಸಬೇಡಿ.